ನಡುವಿನ ಕರಿ

ಅಪ್ಪ ಇಪ್ಪತ್ತೆಂಟು ವರ್ಷ ಬೆಳಗಾವಿಯ ಉದ್ಯಮಬಾಗದಲ್ಲಿ ಹೀಟ್ ಟ್ರೀಟ್‌ಮೆಂಟ್ ಕೆಲಸ ಮಾಡಿದ. ಗೇರು, ಶಾಫ್ಟು, ಪಿನ್ನು ಇಂಥವನ್ನು ಭಟ್ಟಿಯಲ್ಲಿ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುವುದು, ಆಮೇಲೆ ಇನ್ನೊಂದು ಸಣ್ಣ ಬಿಸಿಯಲ್ಲಿಟ್ಟು ಅವುಗಳ ಬಿರುಸು ಇಳಿಸುವುದು. ಸಂಜೆ ಮೂರನೇ ಗೇಟು ದಾಟಿ ಮನೆಗೆ ಬಂದರೆ ಅವನ ಅಂಗಿಯಿಂದ ಸುಟ್ಟ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ನಾನು ಭೌತಶಾಸ್ತ್ರದಲ್ಲಿ ಪಿಎಚ್‌.ಡಿ.ಗೆ ಸೇರಿ, ನನ್ನದೂ ಕಬ್ಬಿಣ ಕಾಯಿಸುವ ಕೆಲಸವೇ ಎಂದು ಹೇಳಿದಾಗ ಅವನಿಗೆ ನಗು ತಡೆಯಲಾಗಲಿಲ್ಲ. "ಇದಕ್ಕ ಇಷ್ಟು ವರ್ಷ ಕಾಲೇಜು ಕಲಿಬೇಕಾಗಿತ್ತೇನವಾ? ನನ್ನ ಕೂಡ ಬಂದಿದ್ರ ಆರು ತಿಂಗಳದಾಗ ಕಲಿಸ್ತಿದ್ದೆ."

ನನ್ನ ಕಬ್ಬಿಣ ಬೇರೆ ಥರದ್ದು. ಕೆಲವು ವಸ್ತುಗಳನ್ನು ತೀರಾ ತಣ್ಣಗೆ ಮಾಡಿದರೆ ಒಂದು ಹಂತದಲ್ಲಿ ಅವುಗಳ ವಿದ್ಯುತ್ ರೋಧ ಪೂರ್ತಿ ಸೊನ್ನೆಯಾಗುತ್ತದೆ. ಇವು ಅತಿವಾಹಕಗಳು, ಅಂದರೆ ಸೂಪರ್‌ಕಂಡಕ್ಟರ್‌ಗಳು. 1911ರಲ್ಲಿ ಕಾಮರ್ಲಿಂಗ್ ಓನ್ನೆಸ್ ಪಾದರಸದಲ್ಲಿ ಇದನ್ನು ಮೊದಲು ಕಂಡ. ಅಲ್ಲಿಂದ ಸುಮಾರು ನೂರು ವರ್ಷ ಈ ಕ್ಷೇತ್ರದವರು ಕಬ್ಬಿಣವನ್ನು ದೂರ ಇಟ್ಟಿದ್ದರು. ಎಲೆಕ್ಟ್ರಾನುಗಳು ಜೋಡಿಯಾಗಿ ನಡೆದರೆ ಮಾತ್ರ ಅತಿವಾಹಕತೆ. ಕಬ್ಬಿಣದ ಕಾಂತಗುಣ ಆ ಜೋಡಿಗಳನ್ನು ಒಡೆಯುತ್ತದೆ. ಹಾಗಿರುವಾಗ ಜಪಾನಿನ ಹಿದಿಯೊ ಹೊಸೊನೊ ಅವರ ತಂಡ 2008ರಲ್ಲಿ ಕಬ್ಬಿಣ, ಆರ್ಸೆನಿಕ್ ಇರುವ ಒಂದು ಸಂಯುಕ್ತ 26 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ ಎಂದು ತೋರಿಸಿತು. ಅದೇ ವರ್ಷ ತೈವಾನಿನಲ್ಲಿ ಕಬ್ಬಿಣ ಮತ್ತು ಸೆಲೇನಿಯಂ ಸೇರಿದ ಬಹಳ ಸರಳ ವಸ್ತು 8 ಕೆಲ್ವಿನ್‌ನಲ್ಲಿ ಅತಿವಾಹಕವಾಯಿತು. ಸೆಲೇನಿಯಂ ಜಾಗದಲ್ಲಿ ಒಂದಷ್ಟು ಟೆಲ್ಯೂರಿಯಂ ಹಾಕಿದರೆ ಅದು 14ರ ಆಸುಪಾಸಿಗೆ ಏರುತ್ತದೆ. ನಮ್ಮ ಲೆಕ್ಕದಲ್ಲಿ ಮೈನಸ್ 259 ಡಿಗ್ರಿ. ನಾನು ಆರಿಸಿಕೊಂಡಿದ್ದು ಈ ಮೂರರ ಮಿಶ್ರಣವನ್ನು. ಆರ್ಸೆನಿಕ್‌ನಂಥ ವಿಷ ಇಲ್ಲ, ಒಂದು ಒಳ್ಳೆಯ ಫರ್ನೇಸು, ಕ್ವಾರ್ಟ್ಜ್ ಕೊಳವೆ, ನಿರ್ವಾತ ಪಂಪು ಇದ್ದರೆ ನಮ್ಮಂಥ ಸಣ್ಣ ಲ್ಯಾಬಿನಲ್ಲೂ ಮಾಡಬಹುದು ಎನ್ನುವುದೇ ಕಾರಣ. ದೊಡ್ಡ ಕಾರಣಗಳನ್ನು ಆಮೇಲೆ ಸಿನಾಪ್ಸಿಸ್‌ನಲ್ಲಿ ಬರೆದೆ.

ಮೂರನ್ನೂ ತೂಗಿ, ಕೊಳವೆಯಲ್ಲಿ ಹಾಕಿ, ಗಾಳಿ ಎಳೆದು ಬಾಯಿ ಮುಚ್ಚಿ, ಸಾವಿರ ಡಿಗ್ರಿ ದಾಟಿಸಿ, ಗಂಟೆಗೆ ಮೂರ್ನಾಲ್ಕು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ವಾರದ ಕೆಲಸ ಹೋಯಿತು. ಎರಡು ಮಳೆಗಾಲ ಹೀಗೇ ಕಳೆದು, ಮೂರನೆಯ ವರ್ಷ ಉಗುರಿನಷ್ಟು ಅಗಲದ, ಕನ್ನಡಿಯಂತೆ ಹೊಳೆಯುವ ಹರಳುಗಳು ಬಂದವು. ಅವನ್ನು ಡಬ್ಬಿಯಲ್ಲಿಟ್ಟುಕೊಂಡು ದ್ರವ ಹೀಲಿಯಂ ಸೌಲಭ್ಯ ಇರುವ ದೂರದ ಊರಿಗೆ ರೈಲಿನಲ್ಲಿ ಹೋದೆ. ರಾತ್ರಿ ಎರಡೂವರೆಗೆ ಪರದೆಯ ಮೇಲೆ ರೋಧದ ಗೆರೆ ಇಳಿಯುತ್ತ ಇಳಿಯುತ್ತ 12 ಕೆಲ್ವಿನ್ ಹತ್ತಿರ ನೆಲಕ್ಕೆ ಅಂಟಿಕೊಂಡಿತು. ಸೊನ್ನೆ. ಆ ಹೊತ್ತಿನಲ್ಲೇ ಮನೆಗೆ ಫೋನ್ ಮಾಡಿದೆ. ಅವ್ವ ಗಾಬರಿಯಾಗಿ ಎತ್ತಿದಳು. ಬೆಳಗಾಗುವುದರೊಳಗೆ ಓಣಿಗೆಲ್ಲ ಗೊತ್ತಾಗಿ, ಅವ್ವ ನಾಲ್ಕು ಮನೆಗೆ ಕುಂದಾ ಹಂಚಿದಳಂತೆ. ಒಂದು ಸಮ್ಮೇಳನಕ್ಕೆ ಒಂದು ಪುಟದ ಸಾರಾಂಶ ಬರೆದು ಕಳಿಸಿದೆ. ನಮ್ಮ ವಿಭಾಗದ ಸೆಮಿನಾರಿನಲ್ಲೂ ಆ ಗೆರೆಯನ್ನು ತೋರಿಸಿದೆ.

ಅದೇ ಹರಳಿನ ಕಾಂತೀಯ ಪರೀಕ್ಷೆಯ ಫಲಿತಾಂಶ ತಿಂಗಳ ನಂತರ ಬಂತು. ನಿಜವಾದ ಅತಿವಾಹಕ ತನ್ನೊಳಗಿನಿಂದ ಕಾಂತಕ್ಷೇತ್ರವನ್ನು ಹೊರಗೆ ನೂಕುತ್ತದೆ. 1933ರಲ್ಲಿ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ಕಂಡದ್ದು ಇದು. ಹರಳಿನ ಎಷ್ಟು ಭಾಗ ಅತಿವಾಹಕವೋ ಅಷ್ಟು ನೂಕು. ನನ್ನದು ಬಹುತೇಕ ಏನೂ ನೂಕಿರಲಿಲ್ಲ.

ಅರ್ಥವಾಗಲು ಒಂದು ಮಧ್ಯಾಹ್ನ ಹಿಡಿಯಿತು. ರೋಧ ಅಳೆಯುವಾಗ ಹರಳಿನ ಈ ತುದಿಯಿಂದ ಆ ತುದಿಗೆ ಕರೆಂಟು ಹರಿಸುತ್ತೇವೆ. ನಡುವೆ ಕೂದಲೆಳೆಯಷ್ಟು ದಾರಿ ಅತಿವಾಹಕವಾಗಿದ್ದರೂ ಕರೆಂಟೆಲ್ಲ ಅಲ್ಲೇ ನುಗ್ಗಿ ಹೋಗುತ್ತದೆ, ಮೀಟರು ಸೊನ್ನೆ ತೋರಿಸುತ್ತದೆ. ಉಳಿದ ಹರಳು ಸಾದಾ ಕಬ್ಬಿಣದ ಕಲ್ಲು. ನಾನು ಒಂದು ಎಳೆಯನ್ನು ನೋಡಿ ಇಡೀ ಸೀರೆ ರೇಷ್ಮೆ ಎಂದಿದ್ದೆ.

ಅಪ್ಪನಿಗೆ ಇದನ್ನು ಹೇಳಿದಾಗ ಅವನು ಟಿವಿ ಸದ್ದು ಕಡಿಮೆ ಮಾಡಿ ಕೇಳಿದ್ದು ಒಂದೇ. "ಕೊಯ್ದು ನೋಡಿದ್ದೇನು?" ಅವನ ಕೆಲಸದಲ್ಲಿ ಗೇರಿನ ಮೈ ಮಾತ್ರ ಗಟ್ಟಿಯಾಗಿ ಒಳಗೆ ಮೆತ್ತಗಿರಬೇಕು, ಅದನ್ನು ಕೇಸ್ ಹಾರ್ಡನಿಂಗ್ ಎನ್ನುತ್ತಾರೆ. ಎಷ್ಟು ಆಳದವರೆಗೆ ಗಟ್ಟಿಯಾಗಿದೆ ಎಂದು ತಿಳಿಯಲು ಒಂದು ಗೇರನ್ನು ಬಲಿಕೊಟ್ಟು ಕೊಯ್ಯುತ್ತಾರೆ. ನಾನು ಕೊಯ್ದಿರಲಿಲ್ಲ. ಅಷ್ಟು ಕಷ್ಟದಿಂದ ಬಂದ ಹರಳನ್ನು ಕೊಯ್ಯಲು ಮನಸ್ಸಾಗಿರಲಿಲ್ಲ ಎನ್ನುವುದು ನಿಜ.

ಸಮ್ಮೇಳನದವರಿಗೆ ಸಾರಾಂಶ ವಾಪಸ್ ಪಡೆಯುತ್ತೇನೆಂದು ಬರೆದ ಮೇಲ್ ನಾಲ್ಕೇ ಸಾಲಿನದು. ಅದನ್ನು ಬರೆಯಲು ಎರಡು ದಿನ ಬೇಕಾಯಿತು. ಫೆಲೋಶಿಪ್ ಮುಗಿಯಲು ಹನ್ನೊಂದು ತಿಂಗಳಿತ್ತು. ಓಣಿಯಲ್ಲಿ ಹಂಚಿದ ಕುಂದಾವನ್ನು ವಾಪಸ್ ಕೇಳುವಂತಿರಲಿಲ್ಲ.

ರೋಗ ಏನೆಂದು ಈ ಕ್ಷೇತ್ರದಲ್ಲಿ ಮೊದಲೇ ಗೊತ್ತಿತ್ತು, ನಾನೇ ಸರಿಯಾಗಿ ಓದಿರಲಿಲ್ಲ. ಈ ಹರಳು ಪದರ ಪದರವಾಗಿರುತ್ತದೆ. ಬೆಳೆಯುವಾಗ ಬೇಕಾದದ್ದಕ್ಕಿಂತ ತುಸು ಹೆಚ್ಚು ಕಬ್ಬಿಣ ಪದರಗಳ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಕರೆಯದೆ ಬಂದ ಈ ಕಬ್ಬಿಣ ಪುಟ್ಟ ಆಯಸ್ಕಾಂತದಂತೆ ಕೂತು ಸುತ್ತಲಿನ ಎಲೆಕ್ಟ್ರಾನ್ ಜೋಡಿಗಳನ್ನು ಒಡೆಯುತ್ತದೆ. ಅದನ್ನು ಹೊರಗೆ ತೆಗೆಯಲು ಅನೀಲಿಂಗ್ ಮಾಡಬೇಕು, ಅಂದರೆ ಹರಳನ್ನು ಮತ್ತೆ ಹದವಾಗಿ ಕಾಯಿಸಬೇಕು. ಟೋಕಿಯೋ ವಿಶ್ವವಿದ್ಯಾಲಯದ ಒಂದು ಗುಂಪು ಇದನ್ನು ಬಿಡಿಸಿ ತೋರಿಸಿದೆ. ಕೊಳವೆಯಲ್ಲಿ ಲೆಕ್ಕದ ಆಮ್ಲಜನಕ ಬಿಟ್ಟು 400 ಡಿಗ್ರಿಯಲ್ಲಿಟ್ಟರೆ, ಆಮ್ಲಜನಕ ಮೈಮೇಲಿನ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ, ಒಳಗಿನ ಹೆಚ್ಚುವರಿ ಕಬ್ಬಿಣ ನಿಧಾನಕ್ಕೆ ಹೊರಗೆ ಸರಿದು ಬರುತ್ತದೆ. ಬೇಕಾದ ಆಮ್ಲಜನಕ ನೂರಕ್ಕೆ ಒಂದೆರಡು ಪಾಲು. ಕಡಿಮೆಯಾದರೆ ಕೆಲಸವಾಗದು, ಹೆಚ್ಚಾದರೆ ಬೇಕಾದ ಕಬ್ಬಿಣವೂ ಹೋಗಿ ಹರಳೇ ಕೆಡುತ್ತದೆ.

ಜಪಾನಿನವರೇ ಮಾಡಿದ ಇನ್ನೊಂದು ಪ್ರಯೋಗವನ್ನು ಹೇಳದೆ ಮುಂದೆ ಹೋಗಲಾರೆ. ಸುಕುಬಾದಲ್ಲಿ ಯೊಶಿಹಿಕೊ ತಕಾನೊ ಅವರ ತಂಡ, ಸೆಲೇನಿಯಂ ಬದಲು ಗಂಧಕ ಇರುವ ಇಂಥದ್ದೇ ವಸ್ತುವನ್ನು ಬಿಯರು, ವಿಸ್ಕಿ, ಸಾಕೆ, ವೈನು ಎಲ್ಲದರಲ್ಲೂ 70 ಡಿಗ್ರಿಯಲ್ಲಿ ಒಂದು ದಿನ ನೆನೆಹಾಕಿತು. ನೀರು ಮತ್ತು ಶುದ್ಧ ಆಲ್ಕೋಹಾಲಿನ ಮಿಶ್ರಣದಲ್ಲಿ ನೂರಕ್ಕೆ ಹದಿನೈದು ಪಾಲೂ ಅತಿವಾಹಕವಾಗಲಿಲ್ಲ, ಕೆಂಪು ವೈನಿನಲ್ಲಿ ಅರವತ್ತು ದಾಟಿತು. ಕೆಲಸ ಮಾಡಿದ್ದು ಮದ್ಯವಲ್ಲ, ಅದರಲ್ಲಿದ್ದ ಮ್ಯಾಲಿಕ್, ಸಿಟ್ರಿಕ್‌ನಂಥ ಆಮ್ಲಗಳು. ಅವೂ ಸಂದಿಯ ಕಬ್ಬಿಣವನ್ನೇ ಹೊರಗೆಳೆಯುತ್ತವೆ. ಅಪ್ಪನಿಗೆ ಹೇಳಿದೆ. "ಹಂಗಾರ ನಮ್ಮ ಎಣ್ಣಿ ಟಾಂಕಿನಾಗೂ ಒಂದ ಬಾಟ್ಲಿ ಸುರವಬೇಕಿತ್ತು" ಎಂದ.

ನಾನು ಆಮ್ಲಜನಕದ ದಾರಿ ಹಿಡಿದೆ, ಮೊದಲ ಸಲವೇ ದಶಮಾಂಶ ಬಿಂದು ತಪ್ಪಿಟ್ಟೆ. ಹತ್ತು ಪಟ್ಟು ಆಮ್ಲಜನಕ. ಕೊಳವೆ ಒಡೆದಾಗ ಹರಳುಗಳ ಹೊಳಪು ಹೋಗಿ, ಬೆರಳಿಗೆ ಪುಡಿ ಹತ್ತುತ್ತಿತ್ತು. ಐದು ಹರಳು ಹೋದವು, ಮೂರು ಉಳಿದವು. ಯಾರ ಮೇಲೂ ಹಾಕುವಂತಿಲ್ಲದ ತಪ್ಪು.

ಆ ಶನಿವಾರ ಲ್ಯಾಬಿಗೆ ಹೋಗದೆ ಖಾನಾಪುರಕ್ಕೆ ಹೋಗುವ ರೈಲು ಹತ್ತಿದೆ. ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು, ದೇಸೂರು ದಾಟಿದರೆ ಗಾಳಿಯೇ ಬೇರೆ. ಮಾಮಾನದು ಅಲ್ಲಿ ಇಟ್ಟಂಗಿ ಭಟ್ಟಿ. ಖಾನಾಪುರದ ಮಣ್ಣು ಅಂಥದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದೂ ಅದೇ ಊರಿನಲ್ಲಿ. ನಾನು ಹೋದಾಗ ಮಾಮಾ ಆರಿದ ಭಟ್ಟಿಯೊಂದನ್ನು ಬಿಚ್ಚಿಸುತ್ತಿದ್ದ. ಆಳುಗಳ ಜೊತೆ ಮರಾಠಿ, ನನ್ನ ಜೊತೆ ಕನ್ನಡ, ಎರಡೂ ಒಂದೇ ಉಸಿರಿನಲ್ಲಿ.

ಎರಡು ಇಟ್ಟಂಗಿ ಒಂದಕ್ಕೊಂದು ತಾಗಿಸಿದ. ಠಣ್ ಎಂದಿತು. "ಬೆಂದೈತಿ" ಎಂದು ಪಕ್ಕಕ್ಕಿಟ್ಟ. ಇನ್ನೆರಡು ತಾಗಿಸಿದ, ಸದ್ದು ಮಂಕಾಗಿತ್ತು. ಒಂದನ್ನು ಕಲ್ಲಿಗೆ ಬಡಿದು ಎರಡು ಮಾಡಿ ನನ್ನ ಮುಂದೆ ಹಿಡಿದ. ಹೊರಗೆ ಒಳ್ಳೆಯ ಕೆಂಪು. ನಡುವೆ, ಬೆರಳಷ್ಟು ದಪ್ಪ, ಕರಿ.

"ಹೊರಗ ನೋಡಿದ್ರ ಯಾರಿಗಿ ಗೊತ್ತಾಗತೈತಿ? ಗಾಳಿ ಒಳಗ ಮುಟ್ಟಿಲ್ಲ. ಬೆಂಕಿ ಅವಸರ ಮಾಡೇತಿ."

ನಾನು ಆ ಅರ್ಧ ಇಟ್ಟಂಗಿ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತೆ. ಇಟ್ಟಂಗಿಯ ಕೆಂಪು ಕಬ್ಬಿಣದ್ದು. ಮಣ್ಣಿನ ಕಬ್ಬಿಣಕ್ಕೆ ಆಮ್ಲಜನಕ ಸಿಕ್ಕಲ್ಲೆಲ್ಲ ಕೆಂಪು, ಸಿಗದಲ್ಲಿ ಕರಿ. ಟೋಕಿಯೋದವರ ಚಿತ್ರಗಳು ನೆನಪಾದವು. ಅವರು ಹರಳನ್ನು ಬೇರೆ ಬೇರೆ ಹೊತ್ತು ಕಾಯಿಸಿ, ಅತಿವಾಹಕತೆ ಅಂಚಿನಿಂದ ಶುರುವಾಗಿ ನಡುವಿಗೆ ಹಬ್ಬುವುದನ್ನು ತೋರಿಸಿದ್ದರು. ನಾನು ಆಮ್ಲಜನಕದ ಅಳತೆಯ ಬಗ್ಗೆ ಎಷ್ಟು ತಲೆ ಕೆಡಿಸಿಕೊಂಡಿದ್ದೆನೆಂದರೆ ಹೊತ್ತಿನ ಬಗ್ಗೆ ಯೋಚಿಸಿರಲೇ ಇಲ್ಲ.

"ಇವನ್ನೇನ ಮಾಡ್ತಿ ಮಾಮಾ?"

"ಮುಂದಿನ ಭಟ್ಟಿಗಿ ಮತ್ತ ಹಾಕೂದು. ಒಗೀತಾರೇನ?"

ಅತ್ತೆ ರೊಟ್ಟಿ, ಬದನೆಕಾಯಿ ಎಣಗಾಯಿ ಬಡಿಸಿ, ಈ ವರ್ಷವಾದರೂ ಮದುವೆ ಮಾಡಿಕೊಳ್ಳುತ್ತೀಯೋ ಇಲ್ಲವೋ ಎಂದು ಕೇಳಿದಳು. ಥೀಸಿಸ್ ಮುಗಿಯಲಿ ಎಂದೆ. ಹೋದ ವರ್ಷವೂ ಹಾಗೇ ಅಂದಿದ್ದೆನಂತೆ.

ಉಳಿದ ಮೂರು ಹರಳುಗಳಿಗೆ ಅಳತೆಯನ್ನು ಮೂರು ಸಲ ನೋಡಿ, ಜೂನಿಯರ್ ಒಬ್ಬಳಿಂದಲೂ ನೋಡಿಸಿ ಆಮ್ಲಜನಕ ಬಿಟ್ಟೆ. 400 ಡಿಗ್ರಿ, ಒಂದೊಂದು ಹರಳಿಗೆ ಒಂದೊಂದು ಅವಧಿ. ಮತ್ತೆ ಅದೇ ರೈಲು, ಅದೇ ಪರದೆ. ಈ ಸಲ ಮೊದಲು ಕಾಂತೀಯ ಪರೀಕ್ಷೆಯನ್ನೇ ಮಾಡಿಸಿದೆ. ಹೆಚ್ಚು ಹೊತ್ತು ಕಾಯಿಸಿದ ಹರಳಿನಲ್ಲಿ 14 ಕೆಲ್ವಿನ್ ದಾಟುತ್ತಲೇ ಗೆರೆ ಕಲ್ಲು ಬಿದ್ದಂತೆ ಕೆಳಗೆ ಬಿತ್ತು. ಯಾರಿಗೂ ಫೋನ್ ಮಾಡಲಿಲ್ಲ. ಊರಿಗೆ ಬಂದು ಆ ಹರಳನ್ನು ಬ್ಲೇಡಿನಿಂದ ಕೊಯ್ದು, ಅಂಚಿನ ತುಂಡು ಬೇರೆ, ನಡುವಿನ ತುಂಡು ಬೇರೆ ಮಾಡಿ ಮತ್ತೆ ಕಳಿಸಿದೆ. ಅಂಚು ಚೆನ್ನಾಗಿತ್ತು. ನಡುವಿನದು ಅದರ ಅರ್ಧದಷ್ಟೂ ನೂಕಿರಲಿಲ್ಲ.

ಸೆಮಿನಾರಿನಲ್ಲಿ ಎರಡೂ ಗೆರೆಗಳನ್ನು ಪಕ್ಕಪಕ್ಕಕ್ಕೆ ಇಟ್ಟೆ. ಅವುಗಳಿಗಿಂತ ಮೊದಲು ಹೋದ ವರ್ಷದ ಸೊನ್ನೆಯ ಗೆರೆಯನ್ನು ಹಾಕಿ, ಇದನ್ನು ನಾನು ತಪ್ಪಾಗಿ ಓದಿದ್ದೆ ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಯಾರೂ ಏನೂ ಕೇಳಲಿಲ್ಲ. ಗೈಡ್ ಮಾತ್ರ, ಇನ್ನೂ ಎಷ್ಟು ಗಂಟೆ ಕಾಯಿಸಬೇಕಾಗಬಹುದು ಎಂದು ಕೇಳಿದರು.

ರಾತ್ರಿ ಮಾಮಾನ ಫೋನು. "ನಿನ್ನ ಇಟ್ಟಂಗಿ ಬೆಂದೂವೇನವಾ?"

"ನಡುವ ಇನ್ನೂ ಕರಿ ಐತಿ ಮಾಮಾ. ನಾಳೆ ಮತ್ತ ಹಾಕಾಕತ್ತೀನಿ."