ಸಿದ್ದಾಪುರದಿಂದ ಬಂದ ಎಲೆ

ಶಾಲಾ ಪ್ರವಾಸ ಎಂದರೆ ಮಕ್ಕಳಿಗೆ ಹಬ್ಬ, ಮೇಷ್ಟರಿಗೆ ತಲೆ ಎಣಿಸುವ ಕೆಲಸ. ಬಸ್ಸು ಹತ್ತುವಾಗ 38, ಇಳಿಯುವಾಗ 38, ನೀರು ಕುಡಿದು ಬಂದ ಮೇಲೆ ಮತ್ತೆ 38. ಒಂಬತ್ತನೇ ತರಗತಿಯವರನ್ನು ಕರೆದುಕೊಂಡು ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಹೋದಾಗ ನಾನು ಬೆಳಗಿನಿಂದ ಸಂಜೆಯವರೆಗೆ ಮಾಡಿದ್ದು ಇದನ್ನೇ. ಮಕ್ಕಳ ಲೆಕ್ಕ ತಪ್ಪಲಿಲ್ಲ. ತಪ್ಪಿದ್ದು ಒಂದು ಎಲೆಯ ಲೆಕ್ಕ. ಆ ಕಥೆಗೆ ಆಮೇಲೆ ಬರುತ್ತೇನೆ.

ಲಾಲ್‌ಬಾಗಿಗೆ ಹೋದವರು ಮೊದಲು ಆ ಬಂಡೆಯನ್ನು ಹತ್ತಬೇಕು. ಸುಮಾರು 300 ಕೋಟಿ ವರ್ಷಗಳ ಕಲ್ಲು ಅದು. ಮೇಲೆ ಕೆಂಪೇಗೌಡರ ಕಾಲದ ಗೋಪುರ, ಕೆಳಗೆ ಹಸಿರು, ಅದರಾಚೆ ಕಣ್ಣು ಹಾಯುವಷ್ಟು ದೂರವೂ ಕಟ್ಟಡಗಳು. ‘ಸಾರ್, ಇಲ್ಲಿರೋ ಮರಗಳೆಲ್ಲ ನಮ್ಮವೇನಾ?’ ಎಂದು ಹುಡುಗಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. 1760ರಲ್ಲಿ ಹೈದರಾಲಿ ಈ ತೋಟಕ್ಕೆ ಬುನಾದಿ ಹಾಕಿದ. ಮಗ ಟಿಪ್ಪು ದೂರದೇಶಗಳಿಂದ ಸಸಿ, ಬೀಜ ತರಿಸಿದ. 1856ರಲ್ಲಿ ಇದು ಸರ್ಕಾರಿ ಸಸ್ಯೋದ್ಯಾನವಾಯಿತು. ಬಳಿಕ ಬಂದ ಜಾನ್ ಕ್ಯಾಮರಾನ್ ಎಂಬ ಅಧಿಕಾರಿಯ ಕಾಲದಲ್ಲಿ ಗಾಜಿನ ಮನೆಯೂ ಎದ್ದಿತು, ನಾವು ಹುಳಿಗೆ ಹಾಕುವ ಸೀಮೆಬದನೆಯೂ ಬಂತು.

‘ಸೀಮೆ’ ಎಂಬ ಈ ಪುಟ್ಟ ಮಾತನ್ನು ಗಮನಿಸಿ. ಸೀಮೆಬದನೆ, ಸೀಮೆಹುಣಸೆ, ಸೀಮೆಸುಣ್ಣ, ಸೀಮೆಎಣ್ಣೆ. ಹೊರಗಿನಿಂದ ಬಂದದ್ದಕ್ಕೆ ನಮ್ಮ ಹಿರಿಯರು ಹಚ್ಚಿದ ಗುರುತು ಅದು. ಗುರುತು ಹಚ್ಚಿದರು, ಅಷ್ಟೇ. ಅಡಿಗೆಮನೆಗೆ ಬಾರದಂತೆ ತಡೆಯಲಿಲ್ಲ.

ಬೆಳಿಗ್ಗೆ ಹುಳಿ, ಸಂಜೆ ಸಪ್ಪೆ

1799ರಲ್ಲಿ ಟಿಪ್ಪು ಮಡಿದ ಮೇಲೆ ಕೆಲವು ಕಾಲ ಈ ತೋಟದ ಉಸ್ತುವಾರಿ ಬೆಂಜಮಿನ್ ಹೈನೆ ಎಂಬ ಸಸ್ಯವಿಜ್ಞಾನಿಯ ಕೈಯಲ್ಲಿತ್ತು. ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿಯಾಗಿರುತ್ತದೆ, ಹೊತ್ತು ಏರಿದಂತೆ ಸಪ್ಪೆಯಾಗುತ್ತದೆ ಎಂಬುದನ್ನು ಅವನು ಭಾರತದಲ್ಲಿದ್ದಾಗ ಕಂಡುಕೊಂಡ. 1813ರಲ್ಲಿ ಅದನ್ನು ಪತ್ರದಲ್ಲಿ ಬರೆದು ತಿಳಿಸಿದ. ಅವನ ಬಳಿ ಇದ್ದ ಉಪಕರಣ ಒಂದೇ, ನಾಲಿಗೆ!

ಕಾರಣ ತಿಳಿಯಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಬೇಕಾದವು. ಸಾಮಾನ್ಯ ಗಿಡಗಳು ಹಗಲಿನಲ್ಲಿ ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ತೆಗೆದುಕೊಳ್ಳುತ್ತವೆ. ಆಗ ಒಳಗಿನ ನೀರೂ ಆವಿಯಾಗಿ ಹೋಗುತ್ತದೆ. ಒಣನೆಲದ ಗಿಡಗಳಿಗೆ ಅಷ್ಟು ದುಂದು ಮಾಡಲು ಸಾಧ್ಯವಿಲ್ಲ. ಕಳ್ಳಿ, ಕಾಡುಬಸಳೆಯಂಥವು ತಂಪಾದ ರಾತ್ರಿಯಲ್ಲಿ ರಂಧ್ರ ತೆರೆಯುತ್ತವೆ. ಒಳಗೆ ಬಂದ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತವೆ. ಬೆಳಗಾದೊಡನೆ ಬಾಗಿಲು ಮುಚ್ಚಿ, ಕೂಡಿಟ್ಟದ್ದನ್ನು ಬಿಡಿಸಿ, ಸೂರ್ಯನ ಬೆಳಕಿನಲ್ಲಿ ಆಹಾರ ತಯಾರಿಸುತ್ತವೆ. ಹೀಗಾಗಿ ಮುಂಜಾನೆ ಎಲೆ ಹುಳಿ, ಸಂಜೆಗೆ ಸಪ್ಪೆ.

ವಿದ್ಯಾರ್ಥಿಗಳೇ, ಇದನ್ನು ನೀವೂ ಪರೀಕ್ಷಿಸಬಹುದು. ಆದರೆ ಹೈನೆಯ ದಾರಿ ಬೇಡ. ಕಾಡುಬಸಳೆಯನ್ನು ಮೇದ ದನಗಳಿಗೆ ವಿಷವೇರುವುದುಂಟು. ಒಂದೇ ಗಿಡದ ಎಲೆಯನ್ನು ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಅರೆದು, ರಸಕ್ಕೆ ಪಿಎಚ್ ಕಾಗದ ಅದ್ದಿ ಬಣ್ಣ ಹೋಲಿಸಿ. ಬಣ್ಣದ ವ್ಯತ್ಯಾಸವೇ ಉತ್ತರ ಹೇಳುತ್ತದೆ.

ನರ್ಸರಿಯಲ್ಲಿ ನಡೆದದ್ದು

ಲಾಲ್‌ಬಾಗಿನ ಪಕ್ಕದಲ್ಲೇ ಸಿದ್ದಾಪುರ. ಅಲ್ಲಿ ಸಾಲು ಸಾಲು ನರ್ಸರಿಗಳು. ಗುಲಾಬಿ, ದಾಸವಾಳಗಳನ್ನು ದಾಟಿ ನಮ್ಮ ಮಕ್ಕಳು ನಿಂತದ್ದು ಅಂಗೈಯಗಲದ ಕುಂಡಗಳ ಮುಂದೆ. ಮೆಕ್ಸಿಕೊ ಮೂಲದ ಎಚೆವೇರಿಯ, ಕಲ್ಲಿನಲ್ಲಿ ಕೆತ್ತಿದ ತಾವರೆಯಂತೆ. ಆಫ್ರಿಕದ ಹಾವರ್ಥಿಯ, ಬಿಳಿ ಪಟ್ಟೆಯ ಪುಟ್ಟ ಲೋಳೆಸರದಂತೆ. ದುಂಡನೆಯ ಪಾಪಾಸುಕಳ್ಳಿಗಳ ಪಕ್ಕದಲ್ಲಿ ಅವುಗಳಂತೆಯೇ ಕಾಣುವ ಯೂಫೋರ್ಬಿಯ. ಗೀಚಿದರೆ ಹಾಲು ಬಂದರೆ ಅದು ಯೂಫೋರ್ಬಿಯ; ಆ ಹಾಲು ಕಣ್ಣಿಗೆ ತಾಗಕೂಡದು. ಒಂದು ಅಮೆರಿಕದ್ದು, ಇನ್ನೊಂದು ಆಫ್ರಿಕದ್ದು. ನೆಂಟಸ್ತಿಕೆಯಿಲ್ಲ, ಆದರೂ ಬರಗಾಲ ಎರಡನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿದೆ.

ಹೊರಡುವ ಹೊತ್ತಿಗೆ ನರ್ಸರಿಯ ಯಜಮಾನಿ ನನ್ನನ್ನು ಪಕ್ಕಕ್ಕೆ ಕರೆದರು. ‘ಮೇಷ್ಟ್ರೇ, ನಿಮ್ಮ ಹುಡುಗ್ರಲ್ಲಿ ಯಾರೋ ಎಲೆ ಮುರಿದಿದ್ದಾರೆ ನೋಡಿ.’ ಎಚೆವೇರಿಯದ ಒಂದು ಎಲೆ ಅರ್ಧಕ್ಕೇ ಮುರಿದು, ಗಾಯದಲ್ಲಿ ಇನ್ನೂ ನೀರು ಜಿನುಗುತ್ತಿತ್ತು.

ನನಗೆ ಮುಖ ಎತ್ತಲಾಗಲಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ. ‘ಯಾರು?’ ಎಂದು ಗುಡುಗಬೇಕೆಂದಿದ್ದವನಿಗೆ, ಬಿಎಸ್ಸಿ ಓದುವಾಗ ಯಾರದೋ ಕಾಂಪೌಂಡಿನಿಂದ ನಾನೇ ಕಳ್ಳಿಯ ತುಂಡೊಂದನ್ನು ಮುರಿದು ಜೇಬಿಗೆ ಹಾಕಿ, ವಾರವಿಡೀ ಮುಳ್ಳು ಕಿತ್ತುಕೊಂಡದ್ದು ನೆನಪಾಯಿತು. ದನಿ ತಾನಾಗಿ ಇಳಿಯಿತು. ‘ತೆಗೆದವರು ಕೊಟ್ಟುಬಿಡಿ. ಬೈಯುವುದಿಲ್ಲ’ ಎಂದೆ.

ಹಿಂದಿನ ಸಾಲಿನಿಂದ ಹುಡುಗನೊಬ್ಬ ಬಂದು ಜಾಮಿಟ್ರಿ ಬಾಕ್ಸ್ ತೆರೆದ. ಕೋನಮಾಪಕದ ಕೆಳಗೆ ಅರ್ಧ ಎಲೆ. ‘ಸಾರ್, ಎಲೆಯಿಂದ ಗಿಡ ಬರುತ್ತೆ ಅಂತ ನೀವೇ ಪಾಠದಲ್ಲಿ ಹೇಳಿದ್ರಿ. ಕುಂಡಕ್ಕೆ ದುಡ್ಡು ಸಾಲಲಿಲ್ಲ.’

ಯಜಮಾನಿ ಎಲೆಯನ್ನು ಕೈಗೆತ್ತಿಕೊಂಡು ನೋಡಿದರು. ‘ಇದು ಬರಲ್ಲ ಮಗಾ. ಬುಡ ಇಲ್ಲದ ಎಲೆ ಮರಿ ಹಾಕಲ್ಲ.’ ಆಮೇಲೆ ಕುಂಡಗಳ ಕೆಳಗೆ ಉದುರಿದ್ದ ಐದು ಎಲೆಗಳನ್ನು ಆರಿಸಿ ಅವನ ಕೈಗಿಟ್ಟರು. ‘ಕೇಳಿದ್ರೆ ಮೊದಲೇ ಕೊಡ್ತಿದ್ದೆ.’

ಎಲೆಯಿಂದ ಗಿಡ

ಆ ಹೆಂಗಸು ಹೇಳಿದ್ದು ಅಪ್ಪಟ ವಿಜ್ಞಾನ. ಎಚೆವೇರಿಯದಲ್ಲಿ ಹೊಸ ಗಿಡ ಹುಟ್ಟುವುದು ಎಲೆ ಕಾಂಡಕ್ಕೆ ಅಂಟುವ ಬುಡದಿಂದ. ಎಲೆಯನ್ನು ಮೆಲ್ಲಗೆ ಅತ್ತಿತ್ತ ಅಲುಗಿಸಿ ಬುಡಸಮೇತ ಬಿಡಿಸಬೇಕು. ನಾಲ್ಕೈದು ದಿನ ನೆರಳಲ್ಲಿಟ್ಟು ಗಾಯ ಒಣಗಲು ಬಿಡಬೇಕು. ಹಸಿ ಗಾಯ ಮಣ್ಣಿಗೆ ತಾಗಿದರೆ ಕೊಳೆಯುತ್ತದೆ. ಕಳ್ಳಿಯ ತುಂಡಿಗೂ ಇದೇ ನಿಯಮ. ತುಂಡು ದಪ್ಪವಾದಷ್ಟೂ ಹೆಚ್ಚು ದಿನ ಕಾಯಬೇಕು.

ಒಂದು ಪಾಲು ಕೆಮ್ಮಣ್ಣು, ಎರಡು ಪಾಲು ದಪ್ಪ ಮರಳು, ಒಂದು ಪಾಲು ಎಲೆಗೊಬ್ಬರ ಬೆರೆಸಿ. ತಳದಲ್ಲಿ ತೂತಿರುವ ಯಾವ ಡಬ್ಬಿಯಾದರೂ ಸರಿ. ಎಲೆಯನ್ನು ಹೂಳಬೇಡಿ, ಮಣ್ಣಿನ ಮೇಲೆ ಮಲಗಿಸಿ. ಮಣ್ಣು ಪೂರ್ತಿ ಒಣಗಿದಾಗ ಮಾತ್ರ ನೀರು ಚಿಮುಕಿಸಿ. ಕೆಲವು ವಾರಗಳಲ್ಲಿ ನವಿರಾದ ಬೇರು, ಅದರ ಬೆನ್ನಿಗೇ ಸಾಸಿವೆಯಷ್ಟು ಮರಿ. ಮರಿ ಬೆಳೆದಂತೆ ತಾಯಿ ಎಲೆ ಸುಕ್ಕಾಗುತ್ತ ಹೋಗುತ್ತದೆ. ಪೂರ್ತಿ ಒಣಗುವವರೆಗೆ ಅದನ್ನು ಕೀಳಬೇಡಿ. ಈ ಗಿಡಗಳು ನೀರಿಲ್ಲದೆ ಸತ್ತದ್ದಕ್ಕಿಂತ ನಮ್ಮ ಅತಿ ಪ್ರೀತಿಯ ನೀರಿನಿಂದ ಸತ್ತದ್ದೇ ಹೆಚ್ಚು. ಪೋಷಕರು ಈ ಮಾತನ್ನು ಬೇರೆ ಅರ್ಥದಲ್ಲೂ ಓದಿಕೊಳ್ಳಬಹುದು.

ಇನ್ನೊಂದು ಮೋಜಿನ ಪ್ರಯೋಗವಿದೆ. ಅಂಚಿಗೆ ಹಳದಿ ಗೆರೆಯಿರುವ ಸ್ನೇಕ್ ಪ್ಲಾಂಟಿನ ಎಲೆಯನ್ನು ತುಂಡು ಮಾಡಿ ನೆಡಿ. ಬರುವ ಮರಿಗೆ ಹಳದಿ ಅಂಚು ಇರುವುದಿಲ್ಲ! ಆ ಗಿಡದಲ್ಲಿ ಎರಡು ಬಗೆಯ ಜೀವಕೋಶಗಳು ಒಟ್ಟಿಗೆ ಬಾಳುತ್ತವೆ. ಎಲೆಯ ತುಂಡಿನಿಂದ ಚಿಗುರುವ ಮರಿ ಹಸಿರು ಕೋಶಗಳಿಂದ ಮಾತ್ರ ಹುಟ್ಟುತ್ತದೆ. ಅಂಚು ಬೇಕಾದರೆ ಗಡ್ಡೆಯನ್ನೇ ಭಾಗ ಮಾಡಿ ನೆಡಬೇಕು.

ಬೇಲಿ ದಾಟಿದ ಕಳ್ಳಿ

ಸೀಮೆಯ ಗಿಡಗಳೆಲ್ಲ ಸಾಧುಗಳಲ್ಲ. ಅಮೆರಿಕ ಮೂಲದ ಪಾಪಾಸುಕಳ್ಳಿ ನಮ್ಮಲ್ಲಿ ಹೊಲ, ಗೋಮಾಳಗಳನ್ನು ನುಂಗಿದ ಕಾಲವಿತ್ತು. ಕಳ್ಳಿಯ ರಸ ಹೀರುವ ಕೀಟವೊಂದರಿಂದ ಬಟ್ಟೆಗೆ ಕೆಂಪು ಬಣ್ಣ ಸಿಗುತ್ತದೆಂದು 1795ರಲ್ಲಿ ಬ್ರೆಜಿಲ್‌ನಿಂದ ಭಾರತಕ್ಕೆ ಕೀಟ ತರಿಸಿದರು. ಬಂದದ್ದು ಬೇರೆ ಜಾತಿಯ ಕೀಟ. ಬಣ್ಣದ ಆಸೆ ಕೈಗೂಡಲಿಲ್ಲ, ಆದರೆ ಅದು ಒಂದು ಜಾತಿಯ ಕಳ್ಳಿಯನ್ನೇ ತಿಂದು ಮುಗಿಸಿತು. ಅದರಿಂದ ಪಾಠ ಕಲಿತು, 1926ರಲ್ಲಿ ದಕ್ಷಿಣ ಭಾರತದಲ್ಲಿ ಹಬ್ಬಿದ್ದ ಇನ್ನೊಂದು ಕಳ್ಳಿಯನ್ನು ಹತೋಟಿಗೆ ತರಲು ಸಿಂಹಳದಿಂದ ಬೇಕೆಂದೇ ಮತ್ತೊಂದು ಜಾತಿಯ ಕೀಟವನ್ನು ತರಿಸಲಾಯಿತು. ಆದ್ದರಿಂದ ಕುಂಡದಲ್ಲಿ ಹೆಚ್ಚಾದ ಕಳ್ಳಿ, ಕಾಡುಬಸಳೆಗಳನ್ನು ಕೆರೆಯಂಗಳಕ್ಕೋ ಗುಡ್ಡಕ್ಕೋ ಎಸೆಯಬೇಡಿ.

ಇದಕ್ಕೆ ತದ್ವಿರುದ್ಧವಾದ ಕಥೆಯೂ ಇದೆ. ದಕ್ಷಿಣ ಆಫ್ರಿಕದ ಒಣ ಬೆಟ್ಟಗಳಲ್ಲಿ ಬೆಣಚುಕಲ್ಲಿನಂತೆ ಕಾಣುವ ಕೋನೊಫೈಟಮ್ ಎಂಬ ಪುಟ್ಟ ಗಿಡಗಳಿವೆ. 2019ರಿಂದೀಚೆಗೆ ಅವನ್ನು ಚೀಲಗಟ್ಟಲೆ ಕಿತ್ತು, ದೂರದೇಶದ ಕಿಟಕಿಗಳನ್ನು ಅಲಂಕರಿಸಲು ಕದ್ದು ಸಾಗಿಸುತ್ತಿದ್ದಾರೆ. ಕೆಲವು ಜಾತಿಗಳು ಅಳಿವಿನ ಅಂಚಿಗೆ ಬಂದಿವೆ. ಅದೂ ಶುರುವಾಗುವುದು ‘ಒಂದೇ ಒಂದು ತಾನೇ’ ಎಂಬ ಮಾತಿನಿಂದಲೇ. ಬಸ್ಸಿನಲ್ಲಿ ನಾನು ಇದನ್ನು ಹೇಳುವಾಗ ಆ ಹುಡುಗ ಕಿಟಕಿಯಾಚೆ ನೋಡುತ್ತಿದ್ದ. ಅವನ ಕಡೆಗೆ ತಿರುಗದೆಯೇ ಹೇಳಿದೆ.

ಊರಿಗೆ ಬಂದ ಮೇಲೆ ಅವನ ತಂದೆ ಶಾಲೆಗೆ ಬಂದರು. ‘ಮೇಷ್ಟ್ರೇ, ಓದೋದು ಬಿಟ್ಟು ಡಬ್ಬಿ ಮುಂದೆ ಕೂತಿರ್ತಾನೆ. ಇದರಿಂದ ಅಂಕ ಬರುತ್ತಾ?’ ‘ಅದನ್ನೇ ದಿನಾ ಬರೆದಿಡಲಿ, ಯೋಜನೆ ಅಂತ ಒಪ್ಪಿಸಲಿ, ಅಂಕ ನಾನು ಕೊಡ್ತೀನಿ’ ಎಂದೆ.

ಮಾರ್ಚಿಯಲ್ಲಿ ಅವನು ಪುಸ್ತಕ ತಂದುಕೊಟ್ಟ. ಐದರಲ್ಲಿ ಎರಡು ಎಲೆ ಕೊಳೆತಿದ್ದವು, ಒಂದಕ್ಕೆ ಬೇರು ಬಂದರೂ ಮರಿ ಬಂದಿರಲಿಲ್ಲ, ಎರಡಕ್ಕೆ ಮರಿ ಬಂದಿತ್ತು. ಪುಟದ ಕೊನೆಯಲ್ಲಿ, ಯಾರೂ ಕೇಳದಿದ್ದರೂ, ಆರನೇ ಸಾಲೊಂದು ಇತ್ತು: ‘ಎಲೆ 6. ನಾನು ಮುರಿದದ್ದು. ಬೇರಿಲ್ಲ, ಮರಿಯಿಲ್ಲ. ಕಾರಣ: ಬುಡ ಇಲ್ಲ.’

ಪೂರ್ತಿ ಅಂಕ ಕೊಟ್ಟೆ.