ಅಪ್ಪನ ಪಿಕಪ್ಪಿಗೆ ಗಾಜು

ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಶೇಂಗಾ ಹೊತ್ತ ಅಪ್ಪನ ಹಳೇ ಮಹೀಂದ್ರ ಪಿಕಪ್ಪು ಮೊಳಕಾಲ್ಮುರಿನ ನಮ್ಮ ಹಿತ್ತಲಲ್ಲಿ ಹತ್ತು ವರ್ಷ ನಿಂತಿತ್ತು. ಈ ಬೇಸಿಗೆಗೆ ಎಂಜಿನ್ ಎದ್ದಿತು, ಬಣ್ಣವೂ ಆಯಿತು. ಉಳಿದದ್ದು ಮುಂದಿನ ಗಾಜು.

ಮನೆ ಕಿಟಕಿಗೆ ಹಾಕುವ ಸಾದಾ ಗಾಜನ್ನೇ ಕೂರಿಸೋಣ, ಅಗ್ಗ ಅಂದೆ. ಅಪ್ಪ ಮಾತಾಡದೆ ಬಲಗೈ ಚಾಚಿದ. ಮಣಿಕಟ್ಟಿನಿಂದ ಮೊಣಕೈವರೆಗೆ ಹೊಲಿಗೆಯ ಗುರುತು. ಒಮ್ಮೆ ಹಾಗೇ ಹಾಕಿಸಿದ್ದನಂತೆ. ರಾಂಪುರದ ಹತ್ತಿರ ಲಾರಿ ಚಕ್ರದಿಂದ ಕಲ್ಲು ಸಿಡಿದಿತ್ತು. ಅದು ಹಾವು ಕಚ್ಚಿದ ಗುರುತು ಅಂತಲೇ ನಾನು ಇಷ್ಟು ದಿನ ನಂಬಿದ್ದೆ!

ಲ್ಯಾಮಿನೇಟೆಡ್ ಗಾಜೇ ತಂದೆವು. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ, ಒಡೆದರೂ ಚೂರುಗಳು ಅದಕ್ಕೇ ಅಂಟಿಕೊಳ್ಳುತ್ತವೆ. ನಮ್ಮ ಗಾಡಿಯದು ಚಪ್ಪಟೆ ಗಾಜು, ಹಾಗಾಗಿ ಚಳ್ಳಕೆರೆಯಲ್ಲೇ ಅಳತೆಗೆ ಕತ್ತರಿಸಿಕೊಟ್ಟರು. ಟಫನ್ಡ್ ಆಗಿದ್ದರೆ ಆಗುತ್ತಿರಲಿಲ್ಲ. ಕತ್ತರಿಸಲು ಹೋದರೆ ಇಡೀ ಗಾಜು ಕಲ್ಲುಸಕ್ಕರೆಯಂತೆ ಪುಡಿಯಾಗುತ್ತದೆ.

ಗಾಜಿನ ಸುತ್ತ ರಬ್ಬರ್ ಬೀಡಿಂಗ್ ತೊಡಿಸಿ, ಅದರ ಹೊರಗಾಡಿಯಲ್ಲಿ ದಾರ ಸುತ್ತಿ, ಸೋಪಿನ ನೀರು ಸವರಿದೆವು. ದಾರದ ತುದಿಗಳು ಕ್ಯಾಬಿನ್ ಒಳಗೆ. ಹೊರಗಿಂದ ಅಪ್ಪ ಅಂಗೈಯಲ್ಲಿ ಒತ್ತಬೇಕು, ಒಳಗಿಂದ ನಾನು ಎಳೆಯಬೇಕು. ಎಳೆದಂತೆ ರಬ್ಬರಿನ ತುಟಿ ತಗಡಿನ ಅಂಚು ದಾಟಿ ಒಳಗೆ ಮಡಚಿಕೊಳ್ಳುತ್ತದೆ. ಎಡಮೂಲೆಯಲ್ಲಿ ದಾರ ಕಿತ್ತುಬಂತು. ಮಗ್ಗದ ಮನೆಯಿಂದ ಬಂದ ಅವ್ವ ಕಟ್ಟೆ ಮೇಲೆ ಕೂತೇ, "ಜಗ್ಗಬ್ಯಾಡ, ಸವುಡು ಕೊಟ್ಟು ಎಳಿ" ಅಂದಳು. ಮೂರನೇ ಸಲಕ್ಕೆ ಕೂತಿತು.

ಅಪ್ಪ ಮೇಲಿಂದ ಒಂದು ಬಿಂದಿಗೆ ನೀರು ಸುರಿದ. ಎಡಮೂಲೆಯಿಂದ ಎರಡು ಹನಿ ಸೀಟಿನ ಮೇಲೆ ಬಿತ್ತು.

"ನಾಳೆ ಬಿಚ್ಚೋಣ" ಅಂದ.