ಒಂದು ನದಿ, ಎರಡು ಕೋಟೆ

ನಕ್ಷೆಯಲ್ಲಿ ಎಸ್ಟೋನಿಯಾ ದೇಶವನ್ನು ಹುಡುಕಿ. ಅದರ ಪೂರ್ವದ ಅಂಚಿನಲ್ಲಿ, ಇನ್ನೇನು ರಷ್ಯಾಕ್ಕೆ ಬಿದ್ದೇಹೋಯಿತು ಎನ್ನುವಂತೆ ಕುಳಿತಿರುವ ಊರೇ ನಾರ್ವಾ. ರಾಜಧಾನಿ ತಾಲ್ಲಿನ್‌ಗೆ ಇಲ್ಲಿಂದ ಸುಮಾರು 210 ಕಿ.ಮೀ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಇನ್ನೂ ಹತ್ತಿರ, ಸುಮಾರು 150 ಕಿ.ಮೀ.

ಊರಿನ ಕೋಟೆಯ ಬಿಳಿ ಗೋಪುರ ಹತ್ತಿದೆ. ಕೆಳಗೆ ನಾರ್ವಾ ನದಿ. ಆಚೆ ದಡದಲ್ಲಿ ಮತ್ತೊಂದು ಕೋಟೆ, ಬೂದುಗಲ್ಲಿನದು, ಅಗಲವಾದದ್ದು. ಎರಡರ ನಡುವೆ ಇರುವುದು ಒಂದು ಕೂಗಳತೆ. ಆಚೆಯದು ಇವಾನ್‌ಗೊರೊಡ್, ಅದು ರಷ್ಯಾ. ಅಲ್ಲಿ ಯಾರೋ ಹಗ್ಗದ ಮೇಲೆ ಬಟ್ಟೆ ಒಣಗಹಾಕುತ್ತಿದ್ದುದು ಬರಿಗಣ್ಣಿಗೇ ಕಾಣುತ್ತಿತ್ತು.

ಎದುರಾಬದುರಾ ಎರಡು ಕೋಟೆ ಏಕೆ? ಈಚೆಯದನ್ನು ಮೊದಲು ಕಟ್ಟಿದವರು ಡೆನ್ಮಾರ್ಕಿನವರು. ಅವರು 1346ರಲ್ಲಿ ಈ ಸೀಮೆಯನ್ನೇ ಜರ್ಮನ್ ಯೋಧರ ಪಂಗಡವೊಂದಕ್ಕೆ ಮಾರಿಬಿಟ್ಟರು! ಅದಕ್ಕೆ ಸಡ್ಡು ಹೊಡೆದಂತೆ 1492ರಲ್ಲಿ ಮಾಸ್ಕೋದ ಮೂರನೇ ಇವಾನ್ ಆಚೆ ದಡದಲ್ಲಿ ತನ್ನ ಕೋಟೆ ಎಬ್ಬಿಸಿದ. ಮುಂದೆ ಸ್ವೀಡನ್ನಿನವರು ಬಂದರು. 1700ರಲ್ಲಿ ರಷ್ಯಾದ ಪೀಟರ್ ಇಲ್ಲಿ ಸ್ವೀಡನ್ನಿನ ಹರೆಯದ ರಾಜ ಹನ್ನೆರಡನೇ ಚಾರ್ಲ್ಸ್‌ನ ಕೈಯಲ್ಲಿ ಸೋತ. 1704ರಲ್ಲಿ ತಿರುಗಿ ಬಂದು ಗೆದ್ದ. ಊರಿನವರಿಗೆ ಮಾತ್ರ ಯಾರು ಗೆದ್ದರೂ ಗೋಡೆ ಬಿದ್ದದ್ದೇ ಲಾಭ.

ಹಾಗೆ ಬಿದ್ದು ಎದ್ದ ಊರು 1944ರಲ್ಲಿ ಬಿದ್ದದ್ದು ಮತ್ತೆ ಹಾಗೆಯೇ ಏಳಲಿಲ್ಲ. ಎರಡನೇ ಮಹಾಯುದ್ಧದ ಬಾಂಬುಗಳಿಗೆ ಅಂದವಾದ ಹಳೆಯ ಪೇಟೆ ಪುಡಿಯಾಯಿತು. ಯುದ್ಧ ಮುಗಿದ ಮೇಲೆ ಮೂಲ ನಿವಾಸಿಗಳನ್ನು ಹಿಂದಿರುಗಿ ನೆಲೆಸಲು ಸೋವಿಯತ್ ಆಡಳಿತ ಬಿಡಲಿಲ್ಲ. ಕಾರ್ಖಾನೆಗಳ ಕೆಲಸಕ್ಕೆಂದು ರಷ್ಯಾದ ಕಡೆಯಿಂದ ಜನ ಬಂದರು. ನಾಲ್ಕೈದು ಅಂತಸ್ತಿನ, ಒಂದೇ ಅಚ್ಚಿನ ಮನೆಗಳು ಎದ್ದವು. ಹೀಗೆ ಎಸ್ಟೋನಿಯಾದ ಊರಿನಲ್ಲಿ ಇಂದು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯ ಮನೆಮಾತು ರಷ್ಯನ್. ಅಂಗಡಿಯ ಫಲಕ ಎಸ್ಟೋನಿಯನ್ನಿನಲ್ಲಿ. ಒಳಗೆ ಹೋಗಿ ಬ್ರೆಡ್ ಕೇಳಿದರೆ ಉತ್ತರ ರಷ್ಯನ್ನಿನಲ್ಲಿ.

ಆಗ ಎರಡೂ ದಡ ಒಂದೇ ಸೋವಿಯತ್ ದೇಶದಲ್ಲಿದ್ದವು. ಮನೆ ಅಲ್ಲಿ, ಕೆಲಸ ಇಲ್ಲಿ. ಮಗಳನ್ನು ಕೊಟ್ಟದ್ದು ಆಚೆಗೆ, ಸೊಸೆ ತಂದದ್ದು ಈಚೆಗೆ. 1991ರಲ್ಲಿ ಎಸ್ಟೋನಿಯಾ ಮತ್ತೆ ಸ್ವತಂತ್ರವಾದಾಗ ನದಿಯೇ ಗಡಿಯಾಯಿತು. 1940ಕ್ಕೆ ಮುಂಚಿನ ಪ್ರಜೆಗಳಿಗೆ, ಅವರ ಮಕ್ಕಳು ಮೊಮ್ಮಕ್ಕಳಿಗೆ ಪೌರತ್ವ ತಾನಾಗಿ ಸಿಕ್ಕಿತು. ಆಮೇಲೆ ಬಂದು ನೆಲೆಸಿದವರು ಎಸ್ಟೋನಿಯನ್ ಭಾಷೆಯ ಪರೀಕ್ಷೆ ಪಾಸು ಮಾಡಬೇಕಾಯಿತು. ಕೆಲವರು ಮಾಡಿದರು, ಕೆಲವರು ರಷ್ಯಾದ ಪೌರತ್ವ ಪಡೆದರು. ಎರಡೂ ಇಲ್ಲದವರಿಗೆ ಬೂದು ಬಣ್ಣದ ಪಾಸ್‌ಪೋರ್ಟ್. ಒಂದೇ ಊಟದ ಮೇಜಿನ ಸುತ್ತ ಮೂರು ಬಗೆಯ ಪಾಸ್‌ಪೋರ್ಟಿನವರು ಕೂತಿರುವ ಮನೆಗಳು ಇಲ್ಲಿವೆ.

ನದಿಯ ಪಕ್ಕದ ಕಾಲುದಾರಿಯಲ್ಲಿ ಮಾತಿಗೆ ಸಿಕ್ಕ ಕಾಲೇಜು ಹುಡುಗಿಯ ಮನೆಯೂ ಅಂಥದ್ದೇ. ಅವಳ ಅಜ್ಜಿ ಇರುವುದು ಇವಾನ್‌ಗೊರೊಡ್‌ನಲ್ಲಿ. ‘ಅಜ್ಜಿಯ ಮನೆಯ ಸೂರು ಇಲ್ಲಿಂದಲೇ ಕಾಣುತ್ತದೆ, ನೋಡಿ’ ಎಂದು ಬೆರಳು ತೋರಿಸಿದಳು. ತಮ್ಮ ಶಾಲೆಯಲ್ಲಿ ಓದುತ್ತಾನೆ. ಇಲ್ಲಿನ ರಷ್ಯನ್ ಶಾಲೆಗಳಲ್ಲಿ 2024ರ ಸೆಪ್ಟೆಂಬರಿನಲ್ಲಿ ಒಂದು ಮತ್ತು ನಾಲ್ಕನೇ ತರಗತಿಗಳಿಂದ ಎಸ್ಟೋನಿಯನ್ ಮಾಧ್ಯಮ ಶುರುವಾಗಿದೆ. ಅವನು ಆ ನಾಲ್ಕನೇ ತರಗತಿಯವನು. ‘ಮಗ್ಗಿಯನ್ನು ಎಸ್ಟೋನಿಯನ್ನಿನಲ್ಲಿ ಹೇಳುತ್ತಾನೆ. ಅಜ್ಜಿ ಫೋನಿನಲ್ಲಿ ಕೇಳಿ, ಇದು ಯಾವ ಪದ್ಯವೋ ಅನ್ನುತ್ತಾಳೆ’ ಎಂದು ನಕ್ಕಳು. ‘ನಿನಗೆ ಬೇಸರವೇ?’ ಎಂದೆ. ‘ಅವನಿಗೆ ತಾಲ್ಲಿನ್‌ನಲ್ಲಿ ಒಳ್ಳೆಯ ಕೆಲಸ ಸಿಗುತ್ತದೆ. ನಮ್ಮಮ್ಮನಿಗೆ ಭಾಷೆ ಬರದೆ ಸಿಗಲಿಲ್ಲ. ಆದರೆ ಅಜ್ಜಿ ಹೇಳುವ ಕಥೆ ಅವನಿಗೆ ಅರ್ಥವಾಗದ ದಿನ ಬರಬಾರದು’ ಅಂದಳು.

ಎರಡು ಊರಿನ ನಡುವಿನ ಸೇತುವೆಯ ಹೆಸರು ‘ಸ್ನೇಹ ಸೇತುವೆ’. ಉಕ್ರೇನ್ ಯುದ್ಧ ಶುರುವಾದ ಮೇಲೆ ಸ್ನೇಹಕ್ಕೆ ಕಾವಲು ಹೆಚ್ಚಿದೆ. 2024ರ ಫೆಬ್ರುವರಿಯಿಂದ ವಾಹನ ಬಿಡುವುದಿಲ್ಲ, ನಡೆದೇ ದಾಟಬೇಕು. ಅದೇ ವರ್ಷದ ಮೇ ತಿಂಗಳಿನಿಂದ ರಾತ್ರಿ ಬಾಗಿಲೂ ಹಾಕುತ್ತಾರೆ. ನಾನು ನೋಡಿದ ಸಾಲು ಚೌಕವನ್ನೇ ಬಳಸಿಕೊಂಡು ನಿಂತಿತ್ತು. ಹೆಚ್ಚಿನವರು ವಯಸ್ಸಾದವರು. ಒಬ್ಬಾಕೆ ಮಡಚುವ ಕುರ್ಚಿ ತಂದಿದ್ದರು, ಇನ್ನೊಬ್ಬರು ಸೂಟ್‌ಕೇಸಿನ ಮೇಲೇ ಕೂತು ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದರು. ಕೂಗಳತೆಯ ದೂರಕ್ಕೆ ಗಂಟೆಗಟ್ಟಲೆ ಕಾಯುವುದು!

ಮೇ 9 ಬಂದರೆ ಈ ನದಿಗೆ ಎರಡು ಕಿವಿ ಸಾಲದು. ರಷ್ಯಾಕ್ಕೆ ಅದು ಹಿಟ್ಲರನ ಜರ್ಮನಿಯ ಮೇಲಿನ ವಿಜಯದ ದಿನ. 2023ರಿಂದ ಇವಾನ್‌ಗೊರೊಡ್‌ನಲ್ಲಿ ನಾರ್ವಾದ ಕಡೆಗೇ ಮುಖ ಮಾಡಿದ ವೇದಿಕೆ ಹಾಕಿ ಹಾಡು ಕೇಳಿಸುತ್ತಾರೆ. ನಾರ್ವಾದ ಕೋಟೆಯ ಗೋಡೆಗೆ ವಸ್ತುಸಂಗ್ರಹಾಲಯದವರು ರಷ್ಯಾದ ಅಧ್ಯಕ್ಷ ಪುಟಿನ್‌ರನ್ನು ಖಂಡಿಸುವ ಭಾರಿ ಚಿತ್ರಪಟ ಇಳಿಬಿಡುತ್ತಾರೆ. ಈಚೆಗೂ ಅಂದು ಯುರೋಪ್ ದಿನದ ಸಂಗೀತ. ನನಗೇನೋ ಎರಡೂ ಕಡೆಯವರು ಗಂಟಲು ಹೆಚ್ಚು, ಕಿವಿ ಕಡಿಮೆ ಬಳಸುತ್ತಾರೆ ಅನ್ನಿಸಿತು. ಆದರೆ ಹಿಂದೆ ದೇಶವನ್ನೇ ಕಳೆದುಕೊಂಡು ಮತ್ತೆ ಪಡೆದವರಿಗೆ ಇರುವ ಅಂಜಿಕೆಯನ್ನು, ಅಂಥ ನೆರೆ ಇಲ್ಲದ ನಾವು ಹಗುರವಾಗಿ ಕಾಣಬಾರದಲ್ಲ.

ಆ ದಿನ ಆ ಹುಡುಗಿಯೂ ದಡಕ್ಕೆ ಬರುತ್ತಾಳಂತೆ, ಹಾಡು ಕೇಳಲಿಕ್ಕಲ್ಲ. ಆಚೆ ದಡದ ಗುಂಪಿನಲ್ಲಿ ಅಜ್ಜಿ ಹಳದಿ ಶಾಲು ಹೊದ್ದು ನಿಲ್ಲುತ್ತಾರೆ. ಇವಳು ತಮ್ಮನನ್ನು ಕಟ್ಟೆಯ ಮೇಲೆ ಹತ್ತಿಸಿ ಕೈ ಬೀಸಿಸುತ್ತಾಳೆ. ‘ಹಳದಿ ಚುಕ್ಕೆ ಅಲ್ಲಾಡಿದರೆ, ಅಜ್ಜಿ ನಮ್ಮನ್ನು ನೋಡಿದಳು ಅಂತ’ ಎಂದಳು.